ರಕ್ತದ ಸಕ್ಕರೆಯೂ ಇನ್ಸುಲಿನ್ನಿನ ಹೊತ್ತೂ

ಹಿಂದಿನವರು ಸಿಹಿಮೂತ್ರ ರೋಗವೆಂದು ಕರೆಯುತ್ತಿದ್ದ, ಈಗ ಎಲ್ಲರ ಬಾಯಲ್ಲೂ ‘ಸಕ್ಕರೆ ಕಾಯಿಲೆ’ ಇಲ್ಲವೆ ಬರಿಯ ‘ಶುಗರ್’ ಎನಿಸಿಕೊಂಡಿರುವ ಮಧುಮೇಹವನ್ನು ವಾಚಕರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು ೧೦ ಕೋಟಿ ೧೦ ಲಕ್ಷವೆಂದು ಅಂದಾಜು ಮಾಡಿದೆ. ಈ ರೋಗಿಯಿಲ್ಲದ ಬೀದಿಯನ್ನು ಹುಡುಕುವುದು ಸಾಸಿವೆಯ ಕಥೆಯಲ್ಲಿ ಸಾವಿಲ್ಲದ ಮನೆಯನ್ನು ಹುಡುಕಿದಂತೆಯೇ ಸರಿ.

ಆದರೆ ಈಚೆಗೆ ಒಂದು ಹೊಸ ಸಂಗತಿ ಕಣ್ಣಿಗೆ ಬೀಳುತ್ತಿದೆ. ಬಸ್ಸಿನಲ್ಲೋ ತರಗತಿಯಲ್ಲೋ ಯಾರೋ ಒಬ್ಬರ ತೋಳಿನ ಹಿಂಬದಿಯಲ್ಲಿ, ಹಳೆಯ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಳಿಯ ಬಿಲ್ಲೆಯೊಂದು ಅಂಟಿಕೊಂಡಿರುತ್ತದೆ. ಅವರು ಆಗಾಗ ಮೊಬೈಲನ್ನು ತೆಗೆದು ನೋಡುತ್ತಾರೆ. ಅದರಲ್ಲಿ ಒಂದು ಅಂಕೆ, ಪಕ್ಕದಲ್ಲಿ ಒಂದು ಬಾಣದ ಗುರುತು, ಕೆಳಗೆ ಬೆಟ್ಟ ಕಣಿವೆಗಳಂಥ ಒಂದು ರೇಖೆ. ರಕ್ತದ ಸಕ್ಕರೆಯನ್ನು ಹಗಲಿರುಳೂ ಬಿಡದೆ ತೋರಿಸುತ್ತಿರುವ ಉಪಕರಣವದು. ಇದನ್ನು ಅಂಟಿಸಿಕೊಂಡರೆ ರೋಗವು ಹತೋಟಿಗೆ ಬಂದಂತೆಯೇ ಎಂದು ಹಲವರು ಭಾವಿಸಿದ್ದಾರೆ. ತಕ್ಕಡಿ ಕೊಂಡ ಮಾತ್ರಕ್ಕೆ ಯಾರೂ ವ್ಯಾಪಾರಿಯಾಗುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರು ‘ಎಷ್ಟು’ ಎಂಬುದನ್ನು ವೈದ್ಯರಿಂದ ತಪ್ಪದೆ ಕೇಳಿಕೊಂಡು ಬರುತ್ತಾರೆ. ‘ಯಾವಾಗ’ ಎಂದು ಕೇಳುವವರು ಕಡಮೆ. ಊಟಕ್ಕೆ ಕಾಲು ಗಂಟೆ ಮೊದಲು ತೆಗೆದುಕೊಂಡ ಹತ್ತು ಯೂನಿಟ್ ಇನ್ಸುಲಿನ್ ಒಂದು ಔಷಧ. ಉಂಡು ಅರ್ಧ ಗಂಟೆಯಾದ ಮೇಲೆ ತೆಗೆದುಕೊಂಡ ಅದೇ ಹತ್ತು ಯೂನಿಟ್ ಬೇರೆಯೇ ಒಂದು ಔಷಧ. ಹೀಗೇಕೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ಮಾತ್ರೆಯಿಂದಲೇ ರೋಗವನ್ನು ನಿಭಾಯಿಸುತ್ತಿರುವವರ ವಿಷಯ ಇಲ್ಲಿಲ್ಲ. ಇನ್ಸುಲಿನ್ನಿನ ಪ್ರಮಾಣವನ್ನು ಬದಲಾಯಿಸುವುದು ವೈದ್ಯರ ಕೆಲಸವೇ ಹೊರತು ವಾರ್ಷಿಕ ಸಂಚಿಕೆಯ ಕೆಲಸವಲ್ಲವೆಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಆರೋಗ್ಯವಂತನ ದೇಹದಿಂದ ಆರಂಭಿಸೋಣ. ವಯಸ್ಕನ ಮೈಯಲ್ಲಿ ಸುಮಾರು ಐದು ಲೀಟರು ರಕ್ತವಿರುತ್ತದೆ. ಬರಿಯ ಹೊಟ್ಟೆಯಲ್ಲಿರುವಾಗ ಅದರ ಪ್ರತಿ ನೂರು ಮಿಲಿಲೀಟರಿಗೆ ೭೦ರಿಂದ ೧೦೦ ಮಿಲಿಗ್ರಾಂ ಗ್ಲೂಕೋಸ್ ಇರುವುದು ಸಹಜ. (ಮುಂದೆ ಬರುವ ಅಂಕೆಗಳೆಲ್ಲ ಇದೇ ಅಳತೆಯವು.) ಗುಣಿಸಿ ನೋಡಿದರೆ ಮೈಯ ಅಷ್ಟೂ ರಕ್ತದಲ್ಲಿ ಇರುವುದು ನಾಲ್ಕೈದು ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಸಕ್ಕರೆ. ಒಂದು ಹೊತ್ತಿನ ಅನ್ನ ಸಾರಿನ ಊಟದಿಂದ ಅರವತ್ತು ಎಪ್ಪತ್ತು ಗ್ರಾಂ ಗ್ಲೂಕೋಸ್ ಕರುಳಿನಿಂದ ರಕ್ತಕ್ಕೆ ಬಂದು ಸೇರುತ್ತದೆ. ಒಂದು ಚಮಚ ಹಿಡಿಯುವ ಪಾತ್ರೆಗೆ ಹದಿನೈದು ಚಮಚ ಸುರಿದರೂ ಪಾತ್ರೆ ತುಳುಕದಂತೆ ನೋಡಿಕೊಳ್ಳಬೇಕು! ಈ ಕೆಲಸವನ್ನು ಮಾಡುವುದು ಮೇದೋಜೀರಕ ಗ್ರಂಥಿಯಲ್ಲಿನ ಬೀಟಾ ಕಣಗಳು. ರಕ್ತದಲ್ಲಿ ಗ್ಲೂಕೋಸ್ ಏರತೊಡಗಿದ ಕೆಲವೇ ನಿಮಿಷಗಳಲ್ಲಿ ಅವು ಇನ್ಸುಲಿನ್ ಸುರಿಸುತ್ತವೆ. ಆ ಇನ್ಸುಲಿನ್ ಮೊದಲು ಹೋಗುವುದು ಪಿತ್ತಜನಕಾಂಗಕ್ಕೆ. ಸಕ್ಕರೆಯ ಉಗ್ರಾಣ ಅದೇ. ಕೆಲಸ ಮುಗಿದೊಡನೆ ಕಣಗಳು ಕೈ ತಡೆಯುತ್ತವೆ. ರಕ್ತದಲ್ಲಿದ್ದ ಇನ್ಸುಲಿನ್ ಐದಾರು ನಿಮಿಷಕ್ಕೆ ಅರ್ಧಕ್ಕರ್ಧ ಕರಗಿಹೋಗುತ್ತದೆ. ಬೇಗ ಬರುವುದು, ಬೇಗ ಹೋಗುವುದು: ಸಹಜ ಇನ್ಸುಲಿನ್ನಿನ ಈ ಎರಡು ಗುಣಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಸೂಜಿಯ ಇನ್ಸುಲಿನ್ನಿಗೆ ಇವೆರಡೂ ಇಲ್ಲ. ತೊಡಕೆಲ್ಲ ಹುಟ್ಟುವುದು ಅಲ್ಲಿಯೇ.

ಮಧುಮೇಹದ ಮೊದಲನೆಯ ಬಗೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಬೀಟಾ ಕಣಗಳನ್ನು ನಾಶಮಾಡಿಬಿಡುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇವರಿಗೆ ಇನ್ಸುಲಿನ್ನಿನ ಹೊರತು ಬದುಕಿಲ್ಲ. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ದೇಹವು ಅದರ ಮಾತನ್ನು ಸರಿಯಾಗಿ ಕೇಳುವುದಿಲ್ಲ. ವರ್ಷಗಳು ಕಳೆದಂತೆ ಇವರಲ್ಲಿಯೂ ಅನೇಕರು ಸೂಜಿ ಹಿಡಿಯಬೇಕಾಗುತ್ತದೆ.

ಇನ್ಸುಲಿನ್ ದೊರೆತ ಕಥೆ ಪ್ರಸಿದ್ಧವಾದದ್ದು. ೧೯೨೧ರ ಬೇಸಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಮ್ಯಾಕ್ಲಿಯೋಡರ ಪ್ರಯೋಗಾಲಯದಲ್ಲಿ, ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ಶಸ್ತ್ರವೈದ್ಯರೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯೂ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಈ ಸಾರವನ್ನು ಪಡೆದರು. ೧೯೨೨ರ ಜನವರಿ ೧೧ರಂದು ಲಿಯೊನಾರ್ಡ್ ಥಾಮ್ಸನ್ ಎಂಬ ೧೪ ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಅಷ್ಟಾಗಿ ಫಲಿಸಲಿಲ್ಲ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞರು ಸಾರವನ್ನು ಶುದ್ಧಿಮಾಡಿದ ಮೇಲೆ ಅದೇ ತಿಂಗಳ ೨೩ರಂದು ಕೊಟ್ಟದ್ದು ಫಲಿಸಿತು. ಸಾಯಲಿದ್ದ ಹುಡುಗ ಚೇತರಿಸಿಕೊಂಡು ಮತ್ತೆ ಹದಿಮೂರು ವರ್ಷ ಬದುಕಿದ.

ನಮ್ಮ ವಿಷಯಕ್ಕೆ ಬೇಕಾದದ್ದು ಇದರ ಮುಂದಿನ ಕಥೆ. ಅದನ್ನು ಹೇಳುವವರು ಅಷ್ಟಾಗಿ ಇಲ್ಲ. ಸೀಸೆಯಲ್ಲಿರುವ ಇನ್ಸುಲಿನ್ನಿನ ಅಣುಗಳು ಒಂಟೊಂಟಿಯಾಗಿ ಇರುವುದಿಲ್ಲ. ಸತುವಿನ ಪರಮಾಣುಗಳ ಸುತ್ತ ಆರಾರು ಅಣುಗಳು ಕೈಕೈ ಹಿಡಿದು ಗುಂಪಾಗಿರುತ್ತವೆ. ಈ ಗುಂಪು ರಕ್ತನಾಳದ ಗೋಡೆಯನ್ನು ದಾಟಲಾರದಷ್ಟು ದೊಡ್ಡದು. ಚರ್ಮದಡಿ ಚುಚ್ಚಿದ ಮೇಲೆ ಅಲ್ಲಿನ ದ್ರವದಲ್ಲಿ ಕದಡಿ, ಗುಂಪು ಒಡೆದು, ಅಣುಗಳು ಬಿಡಿಬಿಡಿಯಾದ ಬಳಿಕವೇ ಅವು ರಕ್ತಕ್ಕೆ ಸೇರಬಲ್ಲವು. ಜಾತ್ರೆಯ ಗುಂಪು ಕಿರುಬಾಗಿಲ ಮುಂದೆ ನಿಂತಂತೆ! ಆದುದರಿಂದಲೇ ಹಳೆಯ ‘ರೆಗ್ಯುಲರ್’ ಇನ್ಸುಲಿನ್ ಕೆಲಸಕ್ಕೆ ತೊಡಗಲು ಅರ್ಧ ಗಂಟೆ ಬೇಕು. ಅದರ ಪೂರ್ಣ ಬಲ ತೋರುವುದು ಎರಡರಿಂದ ನಾಲ್ಕು ಗಂಟೆಯ ನಡುವೆ. ಪ್ರಭಾವ ಆರು ಎಂಟು ಗಂಟೆಯವರೆಗೂ ಉಳಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕೆಂದು ವೈದ್ಯರು ಹೇಳುವುದು ಶಾಸ್ತ್ರಕ್ಕಲ್ಲ, ಈ ಗುಂಪು ಒಡೆಯಲಿ ಎಂದು.

೧೯೩೬ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ಎಂಬುವರು ಇನ್ಸುಲಿನ್ನನ್ನು ಬೇಕೆಂದೇ ನಿಧಾನಗೊಳಿಸಿದರು. ಮೀನಿನಿಂದ ಪಡೆದ ಪ್ರೋಟಮಿನ್ ಎಂಬ ಪದಾರ್ಥವನ್ನು ಬೆರೆಸಿದರೆ ಇನ್ಸುಲಿನ್ ಚರ್ಮದಡಿಯಲ್ಲಿ ಇನ್ನೂ ತಡವಾಗಿ ಕರಗುವುದೆಂದು ಅವರು ಕಂಡುಕೊಂಡರು. ಅದರಿಂದಲೇ ಮುಂದೆ ಎನ್‌ಪಿಎಚ್ ಎಂಬ ಮಸುಕು ಬಣ್ಣದ ಇನ್ಸುಲಿನ್ ಬಂದಿತು. ಆ ಹೆಸರಿನ ಕೊನೆಯ ಅಕ್ಷರ ಹಾಗೆಡಾರ್ನರದೇ. ಬೇಗನೆ ಕೆಲಸಮಾಡುವ ಇನ್ಸುಲಿನ್ನಿಗಾಗಿ ಮಾತ್ರ ಜಗತ್ತು ಇನ್ನೂ ಅರವತ್ತು ವರ್ಷ ಕಾಯಬೇಕಾಯಿತು. ಇನ್ಸುಲಿನ್ನಿನಲ್ಲಿ ೫೧ ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿ ಜೋಡಣೆಯಾಗಿವೆ ಎಂಬುದನ್ನು ಫ್ರೆಡರಿಕ್ ಸ್ಯಾಂಗರರು ೧೯೫೫ರ ಹೊತ್ತಿಗೆ ಬಿಡಿಸಿ ತೋರಿಸಿದ್ದರು. ಆ ಮಾಲೆಯ ಕೊನೆಯ ಭಾಗದಲ್ಲಿ ಅಕ್ಕಪಕ್ಕದ ಎರಡು ಮಣಿಗಳನ್ನು ಅದಲು ಬದಲು ಮಾಡಿದರೆ ಅಣುಗಳ ಕೈಹಿಡಿತ ಸಡಿಲವಾಗುತ್ತದೆ! ಹೀಗೆ ಮಾಡಿದ ಲಿಸ್‌ಪ್ರೋ ಎಂಬ ಇನ್ಸುಲಿನ್ ೧೯೯೬ರಲ್ಲಿ ಬಳಕೆಗೆ ಬಂದಿತು. ಇದೂ ಇದರ ಬಳಗದವೂ ಸುಮಾರು ಕಾಲು ಗಂಟೆಯಲ್ಲಿ ಕೆಲಸಕ್ಕೆ ತೊಡಗಿ, ಒಂದು ಒಂದೂವರೆ ಗಂಟೆಯಲ್ಲಿ ಪೂರ್ಣ ಬಲ ತೋರಿ, ಮೂರರಿಂದ ಐದು ಗಂಟೆಯಲ್ಲಿ ಮುಗಿಯುತ್ತವೆ. ಒಂದೇ ಸಮನಾಗಿ ದಿನವಿಡೀ ಕೆಲಸಮಾಡುವ ಗ್ಲಾರ್ಜಿನ್ ಮೊದಲಾದವು ೨೦೦೦ದಿಂದೀಚೆಗೆ ಬಂದವು.

ಆದರೂ ನಮ್ಮ ಊರುಗಳಲ್ಲಿ ಬಹುಜನ ಬಳಸುವುದು ‘ಮೂವತ್ತು ಎಪ್ಪತ್ತು’ ಎಂಬ ಮಿಶ್ರಣವನ್ನು: ನೂರಕ್ಕೆ ಮೂವತ್ತು ಪಾಲು ರೆಗ್ಯುಲರ್, ಎಪ್ಪತ್ತು ಪಾಲು ಎನ್‌ಪಿಎಚ್. ಬೆಳಗ್ಗೆ ಒಂದು, ರಾತ್ರಿ ಒಂದು. ಇದರ ಬೆಲೆ ಕಡಮೆ, ಸೂಜಿಯೂ ಕಡಮೆ. ಆದರೆ ಬೆಳಗಿನ ಚುಚ್ಚುಮದ್ದಿನ ಎಪ್ಪತ್ತು ಪಾಲು ಮಧ್ಯಾಹ್ನದ ಊಟಕ್ಕೆಂದು ಆಗಲೇ ಹೊರಟುಬಿಟ್ಟಿರುತ್ತದೆ. ಊಟವನ್ನು ಮೂರು ಗಂಟೆಗೆ ತಳ್ಳಿದರೆ ಇನ್ಸುಲಿನ್ ಕಾಯುವುದಿಲ್ಲ. ಅನ್ನ ಸಿಗದೆ ರಕ್ತದ ಸಕ್ಕರೆಯನ್ನೇ ಇಳಿಸುತ್ತದೆ. ‘ಮದುವೆ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕೂತೆ, ತಲೆ ಸುತ್ತಿ ಬಂತು’ ಎಂದು ನಮ್ಮ ಹಿರಿಯರು ಹೇಳುವುದನ್ನು ಕೇಳಿದ್ದೇವಲ್ಲ, ಅದರ ಗುಟ್ಟು ಇದು.

ಇನ್ಸುಲಿನ್ನಿಗೆ ಒಂದು ನಡೆಯಿರುವಂತೆ ಆಹಾರಕ್ಕೂ ಒಂದು ನಡೆಯುಂಟು. ಅನ್ನ, ಇಡ್ಲಿ, ಅವಲಕ್ಕಿಗಳು ಮುಕ್ಕಾಲು ಗಂಟೆ ಒಂದು ಗಂಟೆಯಲ್ಲೇ ಸಕ್ಕರೆಯನ್ನು ಶಿಖರಕ್ಕೆ ಏರಿಸುತ್ತವೆ. ಕಾಳು, ಸೊಪ್ಪು, ತರಕಾರಿ ಜೊತೆಗೂಡಿದರೆ ಏರಿಕೆ ನಿಧಾನ. ತುಪ್ಪ ಸುರಿದ ಹೋಳಿಗೆಯೋ ಬಿರಿಯಾನಿಯೋ ಆದರೆ ಕೊಬ್ಬು ಜಠರವನ್ನು ತಡೆಹಿಡಿಯುವುದರಿಂದ ಮೊದಲ ಗಂಟೆಯಲ್ಲಿ ರೇಖೆ ಸಾಧುವಾಗಿದ್ದು, ಮೂರು ನಾಲ್ಕು ಗಂಟೆಯ ಮೇಲೆ, ಇನ್ಸುಲಿನ್ ಮುಗಿಯುತ್ತ ಬಂದಾಗ, ಏರತೊಡಗುತ್ತದೆ. ರಾಗಿ ಮುದ್ದೆ ಉಂಡರೆ ಸಕ್ಕರೆ ಏರುವುದೇ ಇಲ್ಲವೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೆಚ್ಚೆಂಬುದು ನಿಜ. ಆದರೆ ನೂರು ಗ್ರಾಂ ಹಿಟ್ಟಿನಲ್ಲಿ ಹೆಚ್ಚು ಕಡಮೆ ಎಪ್ಪತ್ತು ಗ್ರಾಂ ಪಿಷ್ಟವೇ. ಎರಡು ದೊಡ್ಡ ಮುದ್ದೆ ನುಂಗಿ ‘ನಾನು ಅನ್ನ ಮುಟ್ಟುವುದಿಲ್ಲ’ ಎನ್ನುವವರ ರೇಖೆಯನ್ನು ನೋಡಿದರೆ ಈ ನಂಬಿಕೆ ಉಳಿಯಲಾರದು. ನುಣ್ಣನೆಯ ಹಿಟ್ಟಿನ ತೆಳು ಗಂಜಿಯಂತೂ ಮುದ್ದೆಗಿಂತಲೂ ಬೇಗ ಏರಿಸೀತು.

ಇನ್ನು ಬಿಲ್ಲೆಯ ವಿಚಾರ. ಅದರ ಅಡಿಯಿಂದ ಕೂದಲೆಳೆಯಂಥ ತಂತುವೊಂದು ಚರ್ಮದೊಳಕ್ಕೆ ಅರ್ಧ ಸೆಂಟಿಮೀಟರಿನಷ್ಟು ಇಳಿದಿರುತ್ತದೆ. ತಂತುವಿಗೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಲೇಪಿಸಿರುತ್ತಾರೆ. ಈ ಕಿಣ್ವವು ಗ್ಲೂಕೋಸನ್ನು ಉತ್ಕರ್ಷಿಸುವಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು ಅಳೆದು, ಅದರಿಂದ ಸಕ್ಕರೆಯ ಮಟ್ಟವನ್ನು ಲೆಕ್ಕ ಹಾಕುತ್ತಾರೆ. ಕಿಣ್ವವನ್ನೂ ವಿದ್ಯುದಗ್ರವನ್ನೂ ಜೋಡಿಸುವ ಈ ಉಪಾಯವನ್ನು ೧೯೬೨ರಲ್ಲಿ ಅಮೆರಿಕದ ಲೆಲಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಪ್ರಕಟಿಸಿದರು. ಎಡೆಬಿಡದೆ ಅಳೆಯುವ ಮೊದಲ ಉಪಕರಣಕ್ಕೆ ಅಲ್ಲಿನ ಸರ್ಕಾರದ ಒಪ್ಪಿಗೆ ದೊರೆತದ್ದು ೧೯೯೯ರಲ್ಲಿ. ಅದು ಮೂರು ದಿನ ಅಳೆದು ಬರೆದಿಟ್ಟುಕೊಳ್ಳುತ್ತಿತ್ತು. ರೋಗಿಗೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ವೈದ್ಯರು ಓದುತ್ತಿದ್ದರು. ಈಗಿನವು ಹತ್ತರಿಂದ ಹದಿನೈದು ದಿನ ಕೆಲಸಮಾಡುತ್ತವೆ. ಒಂದೊಂದು ನಿಮಿಷಕ್ಕೋ ಐದೈದು ನಿಮಿಷಕ್ಕೋ ಅಂಕೆಯನ್ನು ಮೊಬೈಲಿಗೆ ಕಳಿಸುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ತಂತು ಇರುವುದು ರಕ್ತನಾಳದಲ್ಲಲ್ಲ, ಜೀವಕಣಗಳ ನಡುವಿನ ದ್ರವದಲ್ಲಿ. ಸಕ್ಕರೆಯು ರಕ್ತದಿಂದ ಈ ದ್ರವಕ್ಕೆ ಸೋಸಿ ಬರಲು ಐದರಿಂದ ಹದಿನೈದು ನಿಮಿಷ ಹಿಡಿಯುತ್ತದೆ. ಸಕ್ಕರೆ ಒಂದೇ ಮಟ್ಟದಲ್ಲಿರುವಾಗ ಈ ವಿಳಂಬದಿಂದ ಏನೂ ಕೆಡುವುದಿಲ್ಲ. ರಭಸವಾಗಿ ಇಳಿಯುತ್ತಿರುವಾಗ ಮೊಬೈಲು ೮೫ ಎನ್ನುತ್ತಿದ್ದರೆ ರಕ್ತವು ಆಗಲೇ ೭೦ಕ್ಕೆ ಬಂದಿರಬಹುದು. ಆದುದರಿಂದ ಅಂಕೆಗಿಂತ ಬಾಣವೇ ಮುಖ್ಯವೆಂದು ನಾನು ಹೇಳುತ್ತೇನೆ. ೧೧೦ ಇದ್ದು ಬಾಣ ಅಡ್ಡಲಾಗಿದ್ದರೆ ನಿಶ್ಚಿಂತೆಯಿಂದ ಪಾಠ ಕೇಳಬಹುದು. ಅದೇ ೧೧೦ ಇದ್ದು ಬಾಣ ನೇರ ಕೆಳಗೆ ತೋರುತ್ತಿದ್ದರೆ ಜೇಬಿನ ಗ್ಲೂಕೋಸ್ ಪುಡಿಯ ಮೇಲೆ ಕೈಯಿಡಬೇಕು. ಮತ್ತೊಂದು ಮಾತು: ಬಿಲ್ಲೆಯ ಮಗ್ಗುಲಿಗೇ ಒತ್ತಿಕೊಂಡು ಮಲಗಿದರೆ ಅಲ್ಲಿನ ದ್ರವದ ಸಂಚಾರ ತಗ್ಗಿ, ಇಲ್ಲದ ಇಳಿತವನ್ನು ತೋರಿಸಿ, ನಡುರಾತ್ರಿ ಎಲ್ಲರನ್ನೂ ಎಬ್ಬಿಸುವುದುಂಟು. ಹೊಸದಾಗಿ ಅಂಟಿಸಿದ ಮೊದಲ ದಿನವೂ ಅದರ ಮಾತನ್ನು ಪೂರ್ತಿ ನಂಬಲಾಗದು. ಅಂಕೆಯೊಂದು, ಮೈಯ ಲಕ್ಷಣವೊಂದು ಆದಾಗ ಬೆರಳು ಚುಚ್ಚಿ ರಕ್ತವನ್ನೇ ನೋಡತಕ್ಕದ್ದು.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ವಿದ್ಯಾರ್ಥಿನಿಲಯದಲ್ಲಿರುವ ಒಬ್ಬ ಹುಡುಗಿ. ಮೊದಲನೆಯ ಬಗೆಯ ಮಧುಮೇಹ. ಊಟಕ್ಕೆ ಶೀಘ್ರ ಇನ್ಸುಲಿನ್, ರಾತ್ರಿ ದೀರ್ಘ ಇನ್ಸುಲಿನ್. ಬೆಳಗ್ಗೆ ಏಳೂವರೆಗೆ ೧೧೦. ಎಂಟಕ್ಕೆ ತಟ್ಟೆಯ ಮುಂದೆ ಕುಳಿತು, ಚುಚ್ಚಿಕೊಂಡು, ಒಡನೆಯೇ ನಾಲ್ಕು ಇಡ್ಲಿ ತಿನ್ನುತ್ತಾಳೆ. ಇಡ್ಲಿಯ ಸಕ್ಕರೆ ಒಂಬತ್ತಕ್ಕೆ ಶಿಖರ ಮುಟ್ಟುತ್ತದೆ. ಇನ್ಸುಲಿನ್ ಆಗಿನ್ನೂ ಏರುವ ದಾರಿಯಲ್ಲಿದೆ. ಮೊಬೈಲು ೨೪೫ ಎನ್ನುತ್ತದೆ, ಬಾಣ ಮೇಲಕ್ಕೆ. ಹುಡುಗಿ ಗಾಬರಿಯಾಗಿ ಒಂಬತ್ತೂಕಾಲಿಗೆ ಇನ್ನೂ ನಾಲ್ಕು ಯೂನಿಟ್ ಚುಚ್ಚಿಕೊಳ್ಳುತ್ತಾಳೆ. ಮೊದಲ ಚುಚ್ಚುಮದ್ದಿನ ಅರ್ಧಕ್ಕೂ ಹೆಚ್ಚು ಭಾಗ ಕೆಲಸ ಮಾಡುವುದು ಇನ್ನೂ ಬಾಕಿಯಿದೆ. ಅದರ ಬೆನ್ನ ಮೇಲೆ ಎರಡನೆಯದು ಹತ್ತಿ ಕೂತಿತು. ಹನ್ನೊಂದೂಕಾಲಿಗೆ, ಇತಿಹಾಸದ ಕಿರುಪರೀಕ್ಷೆಯ ನಡುವೆ, ಬೆವರು, ಕೈನಡುಕ, ಕಾಗದದ ಮೇಲಿನ ಅಕ್ಷರಗಳು ಅಲುಗಾಡುತ್ತವೆ. ೫೮. ಗ್ಲೂಕೋಸ್ ತಿಂದರೂ ಅಂಕೆ ಒಡನೆ ಏರುವುದಿಲ್ಲ. ಹೆದರಿ ಒಂದು ಪೊಟ್ಟಣ ಬಿಸ್ಕತ್ತು ಮುಗಿಸುತ್ತಾಳೆ. ಒಂದು ಗಂಟೆಗೆ ೨೮೦. ಸಂಜೆಯವರೆಗೂ ಇದೇ ಉಯ್ಯಾಲೆ.

‘ಡೋಸು ಸರಿಯಿಲ್ಲ’ ಎಂದು ಯಾರಾದರೂ ಹೇಳಿಯಾರು. ಡೋಸು ಸರಿಯಾಗಿಯೇ ಇತ್ತು. ಎರಡನೆಯ ಸೂಜಿಯನ್ನು ಮುಟ್ಟದೆ ಇದ್ದಿದ್ದರೆ ಅದೇ ಮೊದಲ ಡೋಸು ಹನ್ನೆರಡರ ಹೊತ್ತಿಗೆ ಸಕ್ಕರೆಯನ್ನು ಮೊದಲಿದ್ದ ಕಡೆಗೆ ತರುತ್ತಿತ್ತು. ಮರುದಿನ ಅಷ್ಟೇ ಯೂನಿಟ್ಟನ್ನು ಏಳೂ ಮುಕ್ಕಾಲಿಗೆ ತೆಗೆದುಕೊಂಡು ಎಂಟಕ್ಕೆ ಅದೇ ನಾಲ್ಕು ಇಡ್ಲಿ ತಿಂದರೆ ಶಿಖರವು ಎಷ್ಟೋ ತಗ್ಗುತ್ತದೆ. ಗಾಬರಿಗೆ ಕಾರಣವೇ ಇಲ್ಲ. ಶೀಘ್ರ ಇನ್ಸುಲಿನ್ನನ್ನು ಊಟಕ್ಕೆ ಹದಿನೈದು ಇಪ್ಪತ್ತು ನಿಮಿಷ ಮೊದಲು ತೆಗೆದುಕೊಳ್ಳುವುದು ಮೇಲೆಂದು ಅನೇಕ ಅಧ್ಯಯನಗಳು ತೋರಿಸಿವೆ. ಇಂಥವರ ದಿನಚರಿಯಲ್ಲಿ ಎರಡನೆಯ ಸೂಜಿಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಈಗ ಎಷ್ಟಿದೆ’ ಎಂಬುದಲ್ಲ, ‘ಹಿಂದಿನದು ಇನ್ನೂ ಎಷ್ಟು ಉಳಿದಿದೆ’ ಎಂಬುದು.

ಆದರೆ ಈ ಹದಿನೈದು ನಿಮಿಷ ಎರಡು ಅಲುಗಿನ ಕತ್ತಿ. ಏಳೂ ಮುಕ್ಕಾಲಿಗೆ ಚುಚ್ಚಿಕೊಂಡಾಯಿತು. ಅಡಿಗೆಮನೆಯಲ್ಲಿ ಗ್ಯಾಸು ಮುಗಿದು ಇಡ್ಲಿ ಎಂಟೂವರೆಗೆ ಬಂದರೆ? ವಿದ್ಯಾರ್ಥಿನಿಲಯದ ಗಡಿಯಾರವನ್ನು ಬಲ್ಲವರು ಇದನ್ನು ಅತಿಶಯೋಕ್ತಿ ಎನ್ನಲಾರರು. ಆದುದರಿಂದ ಆಹಾರ ಸಿದ್ಧವಾಗಿರುವುದು ಕಣ್ಣಿಗೆ ಕಾಣುವವರೆಗೆ ಸೂಜಿಯನ್ನು ಮುಟ್ಟದಿರುವುದೇ ಲೇಸು. ಸಕ್ಕರೆ ಆಗಲೇ ೭೦-೮೦ರ ಆಸುಪಾಸಿನಲ್ಲಿದ್ದರೆ, ಬಾಣ ಕೆಳಗಿದ್ದರೆ, ಕಾಯುವ ಮಾತೇ ಇಲ್ಲ, ಮೊದಲು ತಿನ್ನಬೇಕು. ಜಠರದ ನರಗಳು ದುರ್ಬಲವಾಗಿ ಜೀರ್ಣ ನಿಧಾನವಾಗಿರುವ ಹಳೆಯ ರೋಗಿಗಳಿಗೂ, ಎಷ್ಟು ತಿನ್ನುವರೆಂಬ ಖಾತ್ರಿಯಿಲ್ಲದ ಪುಟ್ಟ ಮಕ್ಕಳಿಗೂ ಈ ನಿಯಮ ಹೊಂದುವುದಿಲ್ಲ. ಹೊತ್ತನ್ನು ಕೆಡಿಸುವ ಸಣ್ಣ ಕಾರಣಗಳು ಇನ್ನೂ ಕೆಲವು ಉಂಟು. ಹೊಟ್ಟೆಗೆ ಚುಚ್ಚಿದ್ದು ತೊಡೆಗೆ ಚುಚ್ಚಿದ್ದಕ್ಕಿಂತ ಬೇಗ ರಕ್ತಕ್ಕೆ ಸೇರುತ್ತದೆ. ಚುಚ್ಚಿದೊಡನೆ ಬಿಸಿನೀರಿನ ಸ್ನಾನ ಮಾಡಿದರೆ ಇನ್ನೂ ಬೇಗ. ಒಂದೇ ಜಾಗಕ್ಕೆ ದಿನವೂ ಚುಚ್ಚಿ ಗಂಟಾಗಿದ್ದರೆ ಯಾವಾಗ ಸೇರೀತೆಂದು ಹೇಳುವಂತೆಯೇ ಇಲ್ಲ. ಸಂಜೆ ಕಬಡ್ಡಿ ಆಡಿದರೆ ಅದರ ಪ್ರಭಾವ ನಡುರಾತ್ರಿಯವರೆಗೂ ಇರಬಹುದು.

ಗಡಿಯಾರಕ್ಕಿಂತಲೂ ದೊಡ್ಡ ಅಡ್ಡಿಯೊಂದಿದೆ, ಅದು ನಾಚಿಕೆ. ನಮ್ಮಲ್ಲಿ ಎಷ್ಟೋ ಹುಡುಗಿಯರು ಈ ರೋಗವನ್ನು ಕೋಣೆಯ ಜೊತೆಗಾತಿಯರಿಗೂ ತಿಳಿಯದಂತೆ ಮುಚ್ಚಿಟ್ಟಿರುತ್ತಾರೆ. ‘ಮುಂದೆ ಮದುವೆಗೆ ತೊಂದರೆ’ ಎಂದು ಮನೆಯವರೇ ಹೇಳಿ ಕಳಿಸಿರುತ್ತಾರೆ. ಮುಚ್ಚಿಟ್ಟವಳು ಊಟದ ಮನೆಯಲ್ಲಿ ಸೂಜಿ ತೆಗೆಯಲಾರಳು. ಸ್ನಾನದ ಮನೆ ಖಾಲಿಯಾಗುವವರೆಗೆ ಕಾಯುತ್ತಾಳೆ, ಇಲ್ಲವೆ ಉಂಡು ಕೋಣೆಗೆ ಹೋದ ಮೇಲೆ ಚುಚ್ಚಿಕೊಳ್ಳುತ್ತಾಳೆ. ಪ್ರತಿ ಹೊತ್ತೂ ಅರ್ಧ ಗಂಟೆ ತಡ. ದಿನಕ್ಕೆ ಮೂರು ಹೊತ್ತು, ಮೂರು ವರ್ಷದ ಪದವಿ. ಆ ಏರಿಳಿತಗಳೆಲ್ಲ ಕಣ್ಣಿನ ಪರೆಯಲ್ಲಿಯೂ ಮೂತ್ರಪಿಂಡದಲ್ಲಿಯೂ ಲೆಕ್ಕ ಬರೆದಿಡುತ್ತವೆ. ತರಗತಿಯಲ್ಲಿ ನಾಲ್ಕು ಜನರ ಎದುರು ಹೊಟ್ಟೆಗೆ ಪೆನ್ನನ್ನು ಒತ್ತಿಕೊಳ್ಳುವುದು ಕನ್ನಡಕ ಹಾಕಿಕೊಳ್ಳುವುದಕ್ಕಿಂತ ಹೆಚ್ಚಿನದೇನೂ ಅಲ್ಲವೆಂಬ ವಾತಾವರಣವನ್ನು ಉಂಟುಮಾಡುವುದು ರೋಗಿಯೊಬ್ಬಳ ಕೈಯಲ್ಲಿಲ್ಲ. ಅದು ಉಳಿದ ನಮ್ಮೆಲ್ಲರ ಕೈಯಲ್ಲಿದೆ.

ಜೊತೆಯಲ್ಲಿರುವವರು ತಿಳಿದಿರಬೇಕಾದದ್ದು ಹೆಚ್ಚಿಲ್ಲ. ಸಕ್ಕರೆ ೭೦ಕ್ಕಿಂತ ಕೆಳಗಿಳಿದರೆ ಹದಿನೈದು ಗ್ರಾಂ ಗ್ಲೂಕೋಸ್, ಅಂದರೆ ಮೂರು ಟೀ ಚಮಚದಷ್ಟು ಪುಡಿ ಇಲ್ಲವೆ ಸಕ್ಕರೆಯನ್ನು, ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷ ಕಾದು ಬೆರಳಿನ ರಕ್ತವನ್ನು ನೋಡಬೇಕು. ಏರದಿದ್ದರೆ ಮತ್ತೊಮ್ಮೆ ಕೊಡಬೇಕು. ಚಾಕಲೇಟು ಬೇಡ, ಅದರ ಕೊಬ್ಬು ತಡಮಾಡುತ್ತದೆ. ಬಿಲ್ಲೆ ಹಿಂದುಳಿದಿರುವುದರಿಂದ ರಕ್ತವು ಏರತೊಡಗಿದ ಮೇಲೂ ಮೊಬೈಲು ಇಳಿತವನ್ನೇ ತೋರುತ್ತಿರುತ್ತದೆ. ನಮ್ಮ ಉದಾಹರಣೆಯ ಹುಡುಗಿ ಬಿಸ್ಕತ್ತು ಮುಗಿಸಿದ್ದು ಇದರಿಂದಲೇ. ೫೪ಕ್ಕಿಂತ ಕೆಳಗಿನದು ಅಪಾಯದ ಮಟ್ಟ. ಬುದ್ಧಿ ಮಂಕಾಗಿ, ಸಹಾಯಕ್ಕೆ ಬಂದವರನ್ನೇ ಬೈಯುವುದೂ ಉಂಟು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು. ಮಗ್ಗುಲಿಗೆ ಹೊರಳಿಸಿ, ಗ್ಲುಕಗಾನ್ ಚುಚ್ಚುಮದ್ದು ಇದ್ದರೆ ಕೊಟ್ಟು, ಆಸ್ಪತ್ರೆಗೆ ಒಯ್ಯಬೇಕು. ‘ಶುಗರ್ ಇರುವವರು, ಇನ್ಸುಲಿನ್ ಕೊಡಿ’ ಎಂದು ಮುಂದೆ ಬರುವ ಉಪಕಾರಿಯನ್ನು ಬಲವಂತದಿಂದಲಾದರೂ ತಡೆಯತಕ್ಕದ್ದು.

ರಾತ್ರಿಯ ವಿಚಾರದಲ್ಲಿ ಈ ರೇಖೆ ಒಂದು ಹಳೆಯ ವಾದವನ್ನು ಬಹುಮಟ್ಟಿಗೆ ತೀರ್ಮಾನಿಸಿದೆ. ಬೆಳಗ್ಗೆ ಎದ್ದಾಗ ಸಕ್ಕರೆ ಹೆಚ್ಚಿದ್ದರೆ, ರಾತ್ರಿ ಅದು ತೀರ ಇಳಿದು ಪ್ರತಿಕ್ರಿಯೆಯಾಗಿ ಏರಿತೆಂದು ಸೊಮೊಗಿ ಎಂಬ ವಿಜ್ಞಾನಿಯ ಮತವನ್ನು ಅನುಸರಿಸಿ ಬಹುಕಾಲ ಹೇಳುತ್ತಿದ್ದರು. ರಾತ್ರಿಯಿಡೀ ಅಳೆದು ನೋಡಿದಾಗ, ರಾತ್ರಿ ಇಳಿದವರಲ್ಲಿ ಬೆಳಗಿನ ಮಟ್ಟವೂ ಸಾಮಾನ್ಯವಾಗಿ ಕಡಮೆಯೇ ಇರುವುದು ಕಂಡುಬಂದಿತು. ಬೆಳಗಿನ ಏರಿಕೆಗೆ ಹೆಚ್ಚಾಗಿ ಕಾರಣ, ಬೆಳಗಿನ ಜಾವಕ್ಕೆ ಹೆಚ್ಚುವ ಹಾರ್ಮೋನುಗಳು ಪಿತ್ತಜನಕಾಂಗದ ಉಗ್ರಾಣದ ಬಾಗಿಲನ್ನು ತೆರೆಯುವುದು. ಇಲ್ಲವೆ ರಾತ್ರಿಯ ಇನ್ಸುಲಿನ್ ಬೆಳಗಾಗುವ ಮುನ್ನವೇ ಮುಗಿದಿರುವುದು. ಮೂರು ಗಂಟೆಗೆ ಇಳಿದಿತ್ತೇ, ನಾಲ್ಕಕ್ಕೆ ಏರಿತೇ ಎಂಬುದನ್ನು ಕಂಡ ಮೇಲೆ ವೈದ್ಯರು ಮಾಡುವ ಬದಲಾವಣೆ ಬೇರೆ ಬೇರೆ. ಕಾಣದೆ ಊಹಿಸಿ ಮಾಡಿದರೆ ಉಲ್ಟಾ ಆಗುವ ಸಂಭವವೇ ಹೆಚ್ಚು.

ಅಮೆರಿಕ ಮತ್ತು ಕೆನಡಾಗಳಲ್ಲಿ ೧೯೮೩ರಿಂದ ೧೯೯೩ರವರೆಗೆ ೧,೪೪೧ ಜನರ ಮೇಲೆ ನಡೆದ ಪ್ರಖ್ಯಾತ ಅಧ್ಯಯನವೊಂದು, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣಿನ ಪರೆಯ ರೋಗ ಹೊಸದಾಗಿ ತಲೆದೋರುವುದು ನೂರಕ್ಕೆ ೭೬ರಷ್ಟು ತಗ್ಗುವುದೆಂದು ತೋರಿಸಿತು. ಅದೇ ಅಧ್ಯಯನದಲ್ಲಿ ಬಿಗಿಯಾಗಿ ಇಟ್ಟವರಿಗೆ ಸಕ್ಕರೆ ಅಪಾಯಕರವಾಗಿ ಇಳಿಯುವುದು ಸುಮಾರು ಮೂರು ಪಟ್ಟು ಹೆಚ್ಚಾಯಿತು. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ೧ಸಿ ಪರೀಕ್ಷೆಯಿಂದ ಈ ಇಳಿತಗಳು ಕಾಣವು. ೪೦ ಮತ್ತು ೨೬೦ರ ಸರಾಸರಿಯೂ ೧೫೦, ೧೪೦ ಮತ್ತು ೧೬೦ರ ಸರಾಸರಿಯೂ ೧೫೦. ಇದನ್ನು ಮನಗಂಡೇ ೨೦೧೯ರಲ್ಲಿ ನಾನಾ ದೇಶಗಳ ತಜ್ಞರು ಕೂಡಿ ಹೊಸ ಅಳತೆಯೊಂದನ್ನು ಒಪ್ಪಿದರು: ದಿನದ ನೂರಕ್ಕೆ ೭೦ ಪಾಲು, ಅಂದರೆ ಸುಮಾರು ಹದಿನೇಳು ಗಂಟೆ, ಸಕ್ಕರೆಯು ೭೦ರಿಂದ ೧೮೦ರ ನಡುವೆ ಇರಬೇಕು, ೭೦ರ ಕೆಳಗೆ ನೂರಕ್ಕೆ ೪ ಪಾಲಿಗಿಂತ, ಹೆಚ್ಚು ಕಡಮೆ ಒಂದು ಗಂಟೆಗಿಂತ, ಹೆಚ್ಚು ಇರಬಾರದು. ವೃದ್ಧರಿಗೂ ಗರ್ಭಿಣಿಯರಿಗೂ ಅಳತೆ ಬೇರೆ. ನೂರಕ್ಕೆ ನೂರು ಬರಲೆಂದು ಹಟ ಹಿಡಿಯುವವರು ಈ ಎಪ್ಪತ್ತನ್ನು ಗಮನಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಎರಡು ವಾರಕ್ಕೊಮ್ಮೆ ಹೊಸ ಬಿಲ್ಲೆಯನ್ನು ಕೊಳ್ಳುವ ಶಕ್ತಿ ನಮ್ಮ ಕಾಲೇಜಿಗೆ ಬರುವ ಎಷ್ಟು ಮಕ್ಕಳ ಮನೆಗಿದೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ವರ್ಷಕ್ಕೆ ಒಂದೆರಡು ಬಾರಿ, ಅದೂ ಹಬ್ಬದ ವಾರದಲ್ಲಲ್ಲದೆ ಸಾಮಾನ್ಯ ದಿನಗಳಲ್ಲಿ, ಎರಡು ವಾರ ಅಂಟಿಸಿಕೊಂಡು ರೇಖೆಯನ್ನು ವೈದ್ಯರ ಮುಂದಿಟ್ಟರೂ ಕಲಿಯುವುದು ಬಹಳವಿದೆ. ಅದೂ ಆಗದವರಿಗೆ ಬೆರಳು ಚುಚ್ಚುವ ಪಟ್ಟಿಗಳಿವೆ. ಅವುಗಳನ್ನು ದಿನವೂ ಬರಿಯ ಹೊಟ್ಟೆಯಲ್ಲಿ ಒಂದೊಂದರಂತೆ ಖರ್ಚುಮಾಡಿದರೆ ರಾತ್ರಿಯ ವಿಚಾರ ಮಾತ್ರ ತಿಳಿಯುತ್ತದೆ. ಬದಲಾಗಿ ಜೋಡಿಗಳಾಗಿ ಬಳಸಬೇಕು. ಸೋಮವಾರ ತಿಂಡಿಗೆ ಮುನ್ನ ಒಂದು, ಎರಡು ಗಂಟೆಯ ಮೇಲೆ ಒಂದು. ಬುಧವಾರ ಮಧ್ಯಾಹ್ನದ ಊಟಕ್ಕೆ ಹಾಗೆಯೇ. ಶುಕ್ರವಾರ ರಾತ್ರಿಯ ಊಟಕ್ಕೆ. ತಿಂಗಳಿಗೊಮ್ಮೆ ಅಲಾರಂ ಇಟ್ಟು ಬೆಳಗಿನ ಜಾವ ಮೂರು ಗಂಟೆಗೆ ಒಂದು. ನೋಟು ಪುಸ್ತಕದ ಒಂದು ಹಾಳೆಯಲ್ಲಿ ನಾಲ್ಕು ಕಂಬ ಎಳೆದು, ಚುಚ್ಚಿಕೊಂಡ ಹೊತ್ತು, ಉಂಡ ಹೊತ್ತು, ಉಂಡದ್ದು ಏನು, ಸಕ್ಕರೆ ಎಷ್ಟು ಎಂದು ಬರೆಯಬೇಕು. ಹೆಚ್ಚಿನವರ ಪುಸ್ತಕದಲ್ಲಿ ಕೊನೆಯ ಕಂಬವೊಂದೇ ಇರುತ್ತದೆ. ವೈದ್ಯರು ಸರಿಪಡಿಸಬಹುದಾದದ್ದು ಸಿಗುವುದು ಮೊದಲ ಎರಡರಲ್ಲಿ.